ಸಾಕ್ಷಿಮರದ ಸುಕುರಮಣಿ ಅತ್ತೆ

ನನ್ನ ಮದುವೆ ದಿಬ್ಬಣವನ್ನು ಮದುವೆಗೆ ಸಾಕ್ಷಿಯಾಗುವ ಮಾವಿನ ಮರದಡಿ ಹಾಡಿಗಾಗಿ ಹೊತ್ತು ಇಳಿಯುವವರೆಗೆ ನಿಲ್ಲಿಸಿದ ಸುಕುರಮಣಿ ಅತ್ತೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಂಥ ಹಾಡುಗಾರ್ತಿ ನಮ್ಮ ಮುಂಡಾ ಬುಡಕಟ್ಟಿನ ಊರುಗಳಲ್ಲಿ ಒಬ್ಬಳಾದರೂ ಇದ್ದೇ ಇರುತ್ತಾಳೆ. ಹಿಪ್ಪೆ ಮರ ಹೂಬಿಟ್ಟರೆ ಬಾಣಂತಿಯನ್ನು ನೋಡಲು ಹೋದಂತೆ ಎಣ್ಣೆ ಹಿಡಿದು ಅದರ ಬಳಿ ಹೋಗುತ್ತಾಳೆ. ಮಳೆ ತಡವಾದರೆ ಮೋಡವನ್ನು ಸೋಮಾರಿ ಮೈದುನನಂತೆ ಬೈಯುತ್ತಾಳೆ. ಮದುವೆಯ ದಿನ ಮದುಮಗ ಸಾಕ್ಷಿಗೆಂದು ಆ ಮರದ ಕಡ್ಡಿ ಅಗಿಯುವ ಮೊದಲು, ಅದನ್ನು ಬೇಡಿ ಮರಕ್ಕೆ ಹಾಡಬೇಕು. ಹುಡುಗಿಯರು ‘ಕಡ್ಡಿ ಬೇಡಿದೆವು’ ಎನ್ನುವಲ್ಲಿ ‘ಕಡ್ಡಿ ಮುರಿದೆವು’ ಎಂದರೆ ಮುಗೀತು, ಡೋಲು ನಿಲ್ಲಿಸಿ ಮೊದಲಿಂದ ಹಾಡಿಸುತ್ತಾಳೆ. “ಅತ್ತೆ, ಅಲ್ಲಿ ಹೆಣ್ಣಿನ ಮನೇಲಿ ಹೆಂಡ ಹುಳಿಯಾಗ್ತಿದೆ!” ಎಂದು ನನ್ನ ಮದುವೆಯ ದಿನ ನಾನು ಕೂಗಿದ್ದೆ. “ಮುಚ್ಚೋ ಬಾಯಿ, ಗೋಮಾ! ಹೆಣ್ಣು ಕೇಳೋಕೆ ಅವರ ಮನೆಗೆ ಎಷ್ಟು ಸಲ ಅಲೆದೆ? ಮರಾನ ಒಂದು ಸಲ ಕೇಳೋಕೆ ಕಾಲು ನೋಯುತ್ತಾ?” ಎಂದಳು. ಹಾಡಿನ ಕೊನೆಯಲ್ಲಿ ಚೊಚ್ಚಲ ಕೂಸನ್ನು ತಂದು ತೋರಿಸುತ್ತೇವೆಂದು ಮರಕ್ಕೆ ಮಾತು ಕೊಡುತ್ತೇವೆ. ನಾವೆಲ್ಲ ತಂದು ತೋರಿಸಿದೆವು. ಅತ್ತೆಗೆ ಮಕ್ಕಳಾಗಲಿಲ್ಲ. ಆದರೂ ಪ್ರತಿ ಮದುವೆಯಲ್ಲೂ ಆ ಸಾಲನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವಳು ಅವಳೇ. ಆಮೇಲೆ ಕಾಂಡದ ಮೇಲೆ ಅಂಗೈ ಇಟ್ಟು, “ನಂದು ಇನ್ನೂ ಬಾಕಿ ಇದೆ ಕಣೇ, ಮರೆತಿಲ್ಲ” ಎನ್ನುತ್ತಾಳೆ.