ಹೊಲಿದ ಜೇಬು

ಬೀಗ ತೆರೆಯುವುದು ನನ್ನ ಕಸುಬು. ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಮಹಾನುಭಾವರೆಲ್ಲ ನನಗೇ ಹೇಳಿಕಳಿಸುತ್ತಾರೆ. ಬಾಗಿದ ತಂತಿಯೊಂದನ್ನು ಹಿಡಿದು ಹೋಗಿ, ಬಾಗಿಲಿಗೆ ಒಂದು ಗೀರೂ ಬೀಳದಂತೆ ತೆರೆದುಕೊಡುತ್ತೇನೆ. ಮುಚ್ಚಿಡಲು ನನಗೆ ಬಾರದಿರುವುದು ಎರಡೇ, ಬಾಯಿ ಮತ್ತು ಜೇಬು.

ಭಾನುವಾರ ಮಧ್ಯಾಹ್ನ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟು ನಡೆಯುತ್ತದೆ. ಟೈರುಗಳ ನಡುವೆ ಚಾಪೆ ಹಾಸಿ ಕೂರುತ್ತೇವೆ. ನಾನು ಸೋತು ಏಳುವುದು, ನನ್ನ ಭಾಮೈದ ಸೋತರೂ ನಗುತ್ತ ಏಳುವುದು ಮಾಮೂಲು. ಅವನು ದರ್ಜಿ. ಹಾಗೆ ನಗುತ್ತ ಎದ್ದು ಹೋಗುವ ಗುಟ್ಟೇನು ಎಂದು ಒಂದು ದಿನ ಅವನನ್ನೇ ಕೇಳಿದೆ. ವಯಸ್ಸಿನಲ್ಲಿ ಚಿಕ್ಕವನ ಮುಂದೆ ಕೈಕಟ್ಟಿ ಕೂತು ಕಲಿಯುವಷ್ಟು ವಿನಯ ನನ್ನಲ್ಲಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಎಲೆ ಕೆಟ್ಟದಾಗಿ ಬಂದರೆ ಮೊದಲೇ ಕೆಳಗಿಡಬೇಕು, ಹೋದ ದುಡ್ಡಿನ ಬೆನ್ನು ಹತ್ತಬಾರದು, ಹಸಿದಾಗ, ಸಿಟ್ಟು ಬಂದಾಗ ಚಾಪೆಯ ಹತ್ತಿರ ಸುಳಿಯಬಾರದು ಎಂದೆಲ್ಲ ಅವನು ಹೇಳಿಕೊಟ್ಟ. ಪಾಠ ನನಗೆ ಬಾಯಿಗೆ ಬಂತು, ಕೈಗೆ ಬರಲಿಲ್ಲ. ವಾರದೊಳಗೆ ನಮ್ಮ ಜೊತೆ ಆಡುವ ಪೇಂಟರ್‌ಗೆ ನಾನೇ ಮೇಷ್ಟ್ರಾದೆ. ಅವನು ಗೆಲ್ಲತೊಡಗಿದ, ಅದೂ ನನ್ನ ದುಡ್ಡನ್ನೇ.

ಕೊನೆಗೆ ಭಾಮೈದ ತನ್ನ ಅಸಲು ಉಪಾಯ ಬಿಟ್ಟುಕೊಟ್ಟ.

"ಭಾವ, ಆಡೋ ದುಡ್ಡು ಮೇಲಿನ ಜೇಬಲ್ಲಿರಲಿ, ಬಾಳೋ ದುಡ್ಡು ಒಳಜೇಬಲ್ಲಿ. ಒಳಜೇಬಿನ ಬಾಯಿ ಹೊಲಿದುಬಿಡೋದು. ನಾನು ಹಾಕಿದ ಹೊಲಿಗೆ ನಾನೇ ಹರಿಯೋಕೆ ನನಗೆ ಮನಸ್ಸು ಬರೋಲ್ಲ."

ದರ್ಜಿಗೆ ಸರಿಯಾದ ಉಪಾಯ ಅದು. ಬೀಗ ತೆರೆಯುವವನಿಗೆ ಎಷ್ಟು ಸರಿ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಕಳೆದ ಭಾನುವಾರ ನನ್ನ ಕೋಟಿನ ಒಳಜೇಬಿನಲ್ಲಿದ್ದದ್ದು ಹೆಂಡತಿಯ ಕನ್ನಡಕದ ದುಡ್ಡು. ತಮ್ಮನ ಅಂಗಡಿಯ ಅಂಗಿಗಳಿಗೆ ಗುಂಡಿ ಹಚ್ಚಿ ಅವಳೇ ಕೂಡಿಸಿದ್ದು. ಕಣ್ಣು ಮಂಜಾಗಿ, ಹಾಲಿನವನಿಗೆ ಒಂದು ನೋಟಿನ ಬದಲು ಇನ್ನೊಂದು ಕೊಟ್ಟಾಗಿನಿಂದ ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ನೀವೇ ಇಟ್ಟುಕೊಳ್ಳಿ, ಸಂಜೆ ಇಬ್ಬರೂ ಹೋಗಿ ತರೋಣ ಎಂದಿದ್ದಳು. ನಾನು ನೇರವಾಗಿ ಭಾಮೈದನ ಅಂಗಡಿಗೆ ಹೋಗಿ ಜೇಬು ಹೊಲಿಸಿಕೊಂಡೆ. ಇಂಥ ಜವಾಬ್ದಾರಿಯ ಗಂಡ ಯಾರಿಗುಂಟು ಎಂದುಕೊಂಡೇ ಚಾಪೆಯ ಮೇಲೆ ಕೂತೆ.

ಮೇಲಿನ ಜೇಬು ಬೇಗ ಬರಿದಾಯಿತು. ಭಾಮೈದನದೂ ಮುಗಿದಿತ್ತು. ಅವನು ಎದ್ದು, "ಬನ್ನಿ ಭಾವ" ಎಂದ. ನೀನು ನಡಿ, ಬರುತ್ತೇನೆ ಎಂದೆ. ಅವನು ಮರೆಯಾಗುತ್ತಲೇ ನನಗೆ ಅದ್ಭುತವಾದ ಎಲೆ ಬಂತು. ಬಿಡಲು ಮನಸ್ಸಾಗಲಿಲ್ಲ. ತಂತಿ ತೆಗೆದೆ. ಹೊಲಿಗೆಯನ್ನು ಹರಿಯಲಿಲ್ಲ, ನಾನೇನು ಅಂಥ ಒರಟನಲ್ಲ. ಒಂದೊಂದೇ ಕುಣಿಕೆ ಸಡಿಲಿಸಿ ದಾರವನ್ನು ಇಡಿಯಾಗಿ ಎಳೆದೆ. ಬಟ್ಟೆಗೆ ಏನೂ ಆಗಿರಲಿಲ್ಲ. ಎಲ್ಲರೂ ಆಟ ನಿಲ್ಲಿಸಿ ನೋಡಿದರು, ಪೇಂಟರ್ ಅಂತೂ ಭೇಷ್ ಎಂದ. ಆ ಭೇಷ್‌ಗೆ ಉಬ್ಬಿ, ಆ ಒಂದು ಎಲೆಗೇ ನಿಲ್ಲದೆ ಆಡುತ್ತಲೇ ಹೋದೆ. ಪೇಂಟರ್ ನನ್ನಿಂದ ಕಲಿತದ್ದನ್ನೆಲ್ಲ ಪಾಲಿಸಿ, ಪೂರ್ತಿ ದುಡ್ಡನ್ನು ಗೆದ್ದುಕೊಂಡ.

ಮನೆಗೆ ಬಂದಾಗ ಹೆಂಡತಿ ತಲೆ ಬಾಚಿ, ಚೀಲ ಹಿಡಿದು, ಹೊರಡಲು ಸಿದ್ಧವಾಗಿ ಕಿಟಕಿಯ ಬಳಿ ಕೂತಿದ್ದಳು. ಬಸ್ಸಿನಲ್ಲಿ ಯಾರೋ ಜೇಬು ಹೊಡೆದರು ಎಂದೆ. ಜನ ಹೇಗೆ ಕೆಟ್ಟುಹೋಗಿದ್ದಾರೆ ಎಂದು ನಾಲ್ಕು ಮಾತು ಸೇರಿಸಿದೆ. ಅವಳು ಕೋಟು ಬಿಚ್ಚಿಸಿಕೊಂಡು ಒಳಜೇಬನ್ನು ಕಣ್ಣಿನ ಹತ್ತಿರ ಹಿಡಿದಳು. ಕಾಣಲಿಲ್ಲವೇನೋ, ಬೆರಳಿನಿಂದ ಅಂಚನ್ನು ಸವರತೊಡಗಿದಳು. ಸೂಜಿಯ ತೂತುಗಳು ಸಾಲಾಗಿ ಹಾಗೇ ಇದ್ದವು.

"ಕಳ್ಳ ಆಗಿದ್ರೆ ಬ್ಲೇಡು ಹಾಕ್ತಿದ್ದ. ಬಟ್ಟೆಗೆ ಏನೂ ಆಗದ ಹಾಗೆ ಬಿಚ್ಚೋರು ಈ ಊರಲ್ಲಿ ನೀವೊಬ್ರೇ."

ನನ್ನ ಕೈಚಳಕವನ್ನು ಅವಳು ಹೊಗಳಿದ್ದು ಅದೇ ಮೊದಲು. ನೆಲ ಬಾಯಿ ಬಿಡಬಾರದೇ ಎನಿಸಿತು. ಅವಳು ಚೀಲವನ್ನು ಗೂಟಕ್ಕೆ ಸಿಕ್ಕಿಸಿ, ತಮ್ಮನ ಅಂಗಡಿಯಿಂದ ತಂದ ಅಂಗಿಗಳ ಗಂಟು ಬಿಚ್ಚಿದಳು. ಕಿಟಕಿಯ ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸಲು ನೋಡಿದಳು. ದಾರದ ತುದಿ ಪಕ್ಕಕ್ಕೆ ಸರಿಯಿತು. ನಾಲಿಗೆಗೆ ತಾಗಿಸಿ ಮತ್ತೆ ಹಿಡಿದಳು, ಮತ್ತೆ ಸರಿಯಿತು. ಆಮೇಲೆ ನನ್ನ ಮುಖ ನೋಡದೆ ಎರಡನ್ನೂ ನನ್ನತ್ತ ಚಾಚಿದಳು.

ನಾನು ಮೊದಲ ಸಲಕ್ಕೇ ಪೋಣಿಸಿದೆ. ನನ್ನ ಕಣ್ಣು ಚೆನ್ನಾಗಿಯೇ ಇದೆ.