ಒಂದೇ ಕೈಲಿ ಆಡಬಹುದು ಅಂದವನು

ಕಳೆದ ಭಾನುವಾರ ಬೆಳಗ್ಗೆ ನನ್ನ ತಮ್ಮ ಮಂಜು ವಿಡಿಯೊ ಗೇಮ್ ಕಂಟ್ರೋಲರನ್ನ ಡಬ್ಬಕ್ಕೆ ಹಾಕಿ, ಟೇಪ್ ಸುತ್ತಿ, "ಯಾರಿಗಾದ್ರೂ ಕೊಟ್ಬಿಡಕ್ಕ" ಅಂದ. ಟೇಪನ್ನ ಹಲ್ಲಲ್ಲಿ ಕಡಿದಿದ್ದ. ಅವನ ಬಲಗೈ ಕೆಲಸ ಮಾಡಲ್ಲ.

ಮಂಜು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಚಾಕ್ ಗೆರೆ ಎಳೀದೇನೇ ಕಾಲರ್ ಕತ್ತರಿಸ್ತೀನಿ ಅಂತ ಜಂಬ ಕೊಚ್ಚಿಕೊಳ್ತಿದ್ದ (ಕತ್ತರಿಸ್ತಿದ್ದ ಕೂಡ). ಹೋದ ವರ್ಷ ಸ್ಟ್ರೋಕ್ ಆಯ್ತು. ಅವತ್ತಿಂದ ಕತ್ರಿಗುಪ್ಪೆಯ ನಮ್ಮನೇಲೇ ಇದಾನೆ. ಕೈಗೆ ವ್ಯಾಯಾಮ ಮಾಡಿಸೋಕೆ ಫಿಸಿಯೋ ಮೇಡಂ ಬಂದ್ರೆ ಗೋಡೆ ಕಡೆ ತಿರುಗಿ ಮಲಗೋನು.

ಒಂದಿನ ಯೂಟ್ಯೂಬ್‌ನಲ್ಲಿ ಗೇಮ್ ರಿವ್ಯೂ ಮಾಡೋ ಒಬ್ಬ (ವಸಂತಪುರದ ಕಡೆಯವನಂತೆ) ಹೊಸ ಕಾರ್ ರೇಸ್ ಬಗ್ಗೆ ಕೂಗಾಡ್ತಿದ್ದ. "ಗುರು, ಒಂದೇ ಕೈಲೂ ಆಡಬಹುದು! ಸಖತ್ ಈಜಿ!"

ಮಂಜು ಆ ಮಾತನ್ನ ನಾಲ್ಕು ಸಲ ಹಿಂದಕ್ಕೆಳೆದು ಕೇಳಿದ. "ಅಕ್ಕ, ಇದು ಬೇಕು" ಅಂದ. ಕಾಯಿಲೆ ಬಿದ್ದಮೇಲೆ ಅವನು ಬಾಯ್ಬಿಟ್ಟು ಕೇಳಿದ ಮೊದಲ ವಸ್ತು. ತರಿಸದೇ ಇರ್ತೀನಾ? ಅವತ್ತು ಫಿಸಿಯೋ ಮೇಡಂ ಬಂದಾಗ ತಾನೇ ಎದ್ದು ಕೂತ.

ಪ್ರಾಕ್ಟೀಸ್ ಓಟ ಚೆನ್ನಾಗೇ ಹೋಯ್ತು. ನಕ್ಕ ಕಣ್ರೀ! ಆದ್ರೆ ನಿಜವಾದ ರೇಸ್‌ನಲ್ಲಿ, ತಿರುವು ಬಂದಾಗ ಎಡಗಡೆದೂ ಬಲಗಡೆದೂ ಬಟನ್ ಒಟ್ಟಿಗೆ ಒತ್ಬೇಕು. ಹತ್ತು ದಿನ ಗುದ್ದಾಡಿದ. ಕಂಟ್ರೋಲರನ್ನ ತೊಡೆ ಮಧ್ಯೆ ಸಿಕ್ಕಿಸಿಕೊಂಡ, ಗದ್ದದಲ್ಲಿ ಒತ್ತಿದ. ಪ್ರತಿ ಸಲವೂ ಕಾರು ಗೋಡೆಗೆ. ನೋಡೋಕಾಗ್ದೆ ನಾನು ಅಡುಗೆಮನೆಗೆ ಎದ್ದು ಹೋಗ್ತಿದ್ದೆ. ಕೊನೆಗೆ ಭಾನುವಾರದ ಆ ಡಬ್ಬ.

ಸಿಟ್ಟು ನೆತ್ತಿಗೇರಿತು. ರಿವ್ಯೂ ಮಾಡಿದವನಿಗೆ ಮೆಸೇಜ್ ಹಾಕಿದೆ. ಮರ್ಯಾದಸ್ಥ, ಫೋನೇ ಮಾಡಿದ.

"ಮೇಡಂ, ಕಂಪನಿಯವ್ರು ಕಳಿಸಿದ ಪಾಯಿಂಟ್ಸ್‌ನಲ್ಲಿ ಹಾಗಂತ ಇತ್ತು. ರಿಲೀಸ್ ದಿನಾನೇ ವಿಡಿಯೊ ಬರ್ಬೇಕು. ಎಲ್ಲಾ ಆಡಿ ನೋಡೋಕೆ ಟೈಮ್ ಎಲ್ಲಿರುತ್ತೆ?"

"ಒಂದ್ ಕೈ ಹಿಂದೆ ಕಟ್ಕೊಂಡು ಐದು ನಿಮಿಷ ಆಡಿದ್ರೆ ಗೊತ್ತಾಗ್ತಿತ್ತಲ್ಲಪ್ಪ?"

"ಒಂದ್ ಕೈಲಿ ಯಾರು ಮೇಡಂ ಆಡ್ತಾರೆ..." ಅಂದವನು ತಕ್ಷಣ "ಸಾರಿ" ಅಂದ.

ಬೈಯೋಕೆ ನನಗೆ ಬಾಯಿ ಬರ್ಲಿಲ್ಲ. ಬರೀ ಬೆನ್ನುಡಿ ಓದಿ ಪುಸ್ತಕ ಹೊಗಳೋ ಕೆಲಸ ನಾನೂ ಇದೇ ಅಂಕಣದಲ್ಲಿ ಮಾಡಿದ್ದೇನೆ (ಎರಡು ಸಲ, ಕ್ಷಮಿಸಿ). ಆ ಕಡೆ ಯಾರೋ ನಮ್ಮ ಮಾತನ್ನ ನಿಜ ಅಂತ ತಗೊಳ್ತಾರೆ ಅನ್ನೋದು ಬರೆಯುವಾಗ ಹೊಳೆಯೋದೇ ಇಲ್ಲ. ನಾಚಿಕೆ ಆಯ್ತು.

ಮಂಜು ಹತ್ರ ಓಡಿದೆ. "ನಿನ್ನ ಕೈದಲ್ಲ ಕಣೋ ತಪ್ಪು. ಅವನು ಆಡೇ ಇಲ್ವಂತೆ!"

ಅವನು ನನ್ನ ಮುಖ ನೋಡಲಿಲ್ಲ. "ಬಿಡಕ್ಕ, ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಅಷ್ಟು ಜನ ನೋಡೋ ಚಾನೆಲ್‌ನವನು ಸುಮ್ ಸುಮ್ನೆ ಹೇಳ್ತಾನಾ? ಫಿಸಿಯೋ ಮೇಡಂಗೂ ಬರಬೇಡಿ ಅಂದ್ಬಿಡು."

ಗೇಮ್ ವಿಮರ್ಶಕರನ್ನ ನಂಬಬಹುದಾ ಅಂತ ಕೇಳ್ತೀರಾ? ನನ್ನ ತಮ್ಮ ಇವತ್ತಿಗೂ ನಂಬಿದಾನೆ.