ಥೋರಾ ಬರೆದ ಚಹಾಕೂಟ

"ಚಹಾ ಯಾರು ಕುಡಿದ್ರು ಅನ್ನೋದು ಸುದ್ದಿಯಲ್ಲ ಕಣ್ರೀ, ಯಾರು ಬಗ್ಗಿಸಿದ್ರು ಅನ್ನೋದು ಸುದ್ದಿ. ಬೆಳ್ಳಿ ಟೀಪಾಟ್ ಹಿಡಿಯೋ ಮರ್ಯಾದೆ ಸುಮ್ನೆ ಸಿಗಲ್ಲ. ಒಬ್ಬಳ ಹೆಸರು ಬಿಟ್ಟುಹೋದ್ರೆ ಅವಳು ಚರ್ಚಲ್ಲಿ ನನ್ನ ಪಕ್ಕ ಕೂರಲ್ಲ, ಅವಳ ಗಂಡ ನಮ್ಮನೆ ನಲ್ಲಿ ರಿಪೇರಿಗೆ ಬರಲ್ಲ. ನದಿಯ ಈ ದಡದಲ್ಲಿ ಮೂರು ಪತ್ರಿಕೆ ಇದ್ವು. ಒಂದು ರಾಜಕೀಯ ಬರೆದೂ ಬರೆದೂ ಮುಚ್ಚಿತು, ಇನ್ನೊಂದು ಗೋಧಿ ಧಾರಣೆ ಬರೆದು ಮುಚ್ಚಿತು. ನಮ್ಮದು ಯಾಕೆ ಉಳೀತು ಹೇಳಿ? ಹೆಂಗಸರು ಅದರಲ್ಲಿ ತಮ್ಮ ಹೆಸರು ಹುಡುಕ್ತಾರೆ, ಅದಕ್ಕೆ!"

ಕೆನಡಾದ ಸಸ್ಕಟೂನ್ ಊರಿನ 'ವೆಸ್ಟ್‌ಸೈಡ್ ಎಕೋ' ವಾರಪತ್ರಿಕೆಗೆ 'ಬಂದವರು ಹೋದವರು' ಅಂಕಣ ಬರೆಯುತ್ತಿದ್ದ ಥೋರಾ ಲಿಂಡಲ್ ಹೀಗೆ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಯಾರದೇ ಮನೆಯ ಬಾಗಿಲು ತಟ್ಟಲು ಅವಳಿಗಿದ್ದ ನೆಪ ಆ ಅಂಕಣವೊಂದೇ.

ಪತ್ರಿಕೆ ಅಚ್ಚಿಗೆ ಹೋಗುವುದು ಶುಕ್ರವಾರ, ಚರ್ಚಿನ ಹೆಂಗಸರ ಚಹಾಕೂಟಗಳು ನಡೆಯುವುದು ಶನಿವಾರ. ಹಾಗಾಗಿ ಥೋರಾ ಎಲ್ಲವನ್ನೂ ಮೊದಲೇ ಬರೆದಿಡುತ್ತಿದ್ದಳು. ಚಹಾ ಬಗ್ಗಿಸುವವರು ಯಾರೆಂದು ತಿಂಗಳುಗಟ್ಟಲೆ ಜಗಳವಾಡಿ ಗೊತ್ತುಮಾಡಿರುತ್ತಿದ್ದರಲ್ಲ, ತಪ್ಪುವ ಸಂಭವವೇ ಇರಲಿಲ್ಲ.

ಆ ನವೆಂಬರಿನ ಶನಿವಾರ ಹಿಮ ಬೀಸಿತು ನೋಡಿ, ಚರ್ಚಿನ ನೆಲಮಾಳಿಗೆಯ ಬಾಗಿಲು ಹೂತೇಹೋಯಿತು. ಕೂಟಕ್ಕೆ ನರಪಿಳ್ಳೆಯೂ ಹೋಗಲಿಲ್ಲ. ಸೋಮವಾರ ಮನೆಮನೆಗೆ ಬಂದ ಪತ್ರಿಕೆಯಲ್ಲಿ ಮಾತ್ರ, 'ಎಳೆಬಿಸಿಲಿನ ಮಧ್ಯಾಹ್ನ ಚಹಾಕೂಟ ಸೊಗಸಾಗಿ ನಡೆಯಿತು. ಶ್ರೀಮತಿ ಪೆಟ್ರಿಶಿನ್ ಚಹಾ ಬಗ್ಗಿಸಿದರು. ನೀಲಿ ಟೋಪಿ ಧರಿಸಿದ್ದ ಶ್ರೀಮತಿ ಹಾಗ್ ಹಾಡಿದರು' ಎಂದಿತ್ತು.

ಸಂಪಾದಕ ಮೆಕ್ಯಾಂಡ್ಲಿಶ್ ಅವಳನ್ನು ಕರೆಸಿದ. "ಎಳೆಬಿಸಿಲಂತೆ! ನನ್ನ ಕಾರು ಇನ್ನೂ ಹಿಮದಡಿ ಇದೆ, ಥೋರಾ ಅವ್ರೇ. ಊರೇ ನಗ್ತಿದೆ. ತಪ್ಪಾಯ್ತು ಅಂತ ಅಚ್ಚು ಹಾಕ್ತೀನಿ, ನಿಮ್ಮ ಅಂಕಣಾನೂ ಇವತ್ತಿಂದ ನಿಲ್ಲಿಸ್ತೀನಿ."

ಥೋರಾ ಬಾಯಿ ತೆರೆಯುವಷ್ಟರಲ್ಲಿ ಬೂಟಿನ ತುಂಬ ಹಿಮ ಹೊತ್ತು ಪೆಟ್ರಿಶಿನ್ ಒಳನುಗ್ಗಿದಳು.

"ತಪ್ಪಾಯ್ತು ಅಂತ ಹಾಕ್ತೀರಾ? ಹದಿನಾಲ್ಕು ವರ್ಷ ಬರೀ ಸ್ಯಾಂಡ್‌ವಿಚ್ ಅಂಚು ಕತ್ತರಿಸಿದ್ದೀನಿ ಸ್ವಾಮೀ! ಈ ಸಲ ನನ್ನ ಕೈಗೆ ಟೀಪಾಟ್ ಬಂತು. ಪತ್ರಿಕೇಲಿ ಬಂದಿದ್ದನ್ನ ಕತ್ತರಿಸಿ ವಿನಿಪೆಗ್‌ನಲ್ಲಿರೋ ನಮ್ಮಕ್ಕಂಗೆ ಕಳಿಸಿಯೂ ಆಯ್ತು."

"ಆದ್ರೆ ಕೂಟ ನಡೆದೇ ಇಲ್ವಲ್ಲಮ್ಮ!"

"ನಡೆದಿಲ್ವಾ, ನಡೆಸಿದ್ರಾಯ್ತು. ಪತ್ರಿಕೆ ಸುಳ್ಳಾಗೋದು ನಿಮಗಿಷ್ಟಾನಾ?"

ಮೆಕ್ಯಾಂಡ್ಲಿಶ್ ಕನ್ನಡಕ ಒರೆಸಿಕೊಂಡ. "ಬರೆದ ಹಾಗೇ ನಡೆದ್ರೆ ಅಂಕಣ ಇರ್ಲಿ. ಒಂದು ಹೆಸರು ತಪ್ಪಿದ್ರೂ ಇಲ್ಲ."

ಮುಂದಿನ ಶನಿವಾರ ಥೋರಾ ಪತ್ರಿಕೆ ಹಿಡಿದು ಚರ್ಚಿನ ನೆಲಮಾಳಿಗೆಯ ಬಾಗಿಲಲ್ಲೇ ನಿಂತಳು. ಶ್ರೀಮತಿ ಹಾಗ್ ಕಂದು ಟೋಪಿಯಲ್ಲಿ ಬಂದಳು.

"ನೀಲಿದು ಎಲ್ಲಿ?"

"ನನ್ನ ಹತ್ರ ನೀಲಿದು ಎಲ್ಲಿತ್ತೇ? ನೀನೇ ಬರ್ಕೊಂಡಿದ್ದು!"

ಥೋರಾ ಪಾದ್ರಿಯ ಹೆಂಡತಿಯ ತಲೆಯಿಂದ ನೀಲಿ ಟೋಪಿ ಕಿತ್ತು ಇವಳ ತಲೆಗಿಟ್ಟಳು. ಹಾಗ್‌ಗೆ ನೆಗಡಿ, ಆದರೂ ಹಾಡಿದಳು. ಪೆಟ್ರಿಶಿನ್ ಅರ್ಧ ಚಹಾ ಸಾಸರಿಗೇ ಬಗ್ಗಿಸಿದರೂ ಗತ್ತು ಬಿಡಲಿಲ್ಲ. ಎಳೆಬಿಸಿಲೊಂದು ಯಾರ ಮಾತೂ ಕೇಳಲಿಲ್ಲ, ಮೋಡವೇ ಮೋಡ. ಮೂರು ಕಪ್ ಕುಡಿದ ಮೆಕ್ಯಾಂಡ್ಲಿಶ್ ಅದನ್ನು ಕಂಡೂ ಕಾಣದವನಂತೆ ಕೋಟು ಹಾಕಿಕೊಂಡ.

"ತಾರೀಖು ಮಾತ್ರ ತಪ್ಪಾಗಿತ್ತು ಅಂತ ಹಾಕ್ತೀನಿ. ಮುಂದಿನ ವಾರದ್ದು ಯಾವಾಗ ಕೊಡ್ತೀರಿ?"

"ಶುಕ್ರವಾರ," ಎಂದಳು ಥೋರಾ. "ಆದ್ರೆ ಹವಾಮಾನ ಬರೆಯಲ್ಲ."

ಅವಳು ಅಂಗಿಯ ತೋಳು ಮೇಲಕ್ಕೆ ಮಡಿಸಿ ಪಾತ್ರೆ ತೊಳೆಯುವ ತೊಟ್ಟಿಗೆ ಬಿಸಿನೀರು ಬಿಟ್ಟಳು. ಪೆಟ್ರಿಶಿನ್ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ಇವಳು ಕಪ್ ತೊಳೆದು ಕೊಟ್ಟಂತೆ ಅವಳು ಒರೆಸಿ ಕಪಾಟಿನಲ್ಲಿ ಜೋಡಿಸುತ್ತಾ ಹೋದಳು.